ಮಗಳ ತುತ್ತಿಗೆ ಕಾವಲು ಕೂತೆ

ಮಾರಿಕಣಿವೆ ಡ್ಯಾಮಿನಲ್ಲಿ ನೀರನ್ನೇ ಹಿಡಿದು ನಿಲ್ಲಿಸುವ ಇಲಾಖೆಯ ನೌಕರ ನಾನು. ಒಬ್ಬ ಮಗಳ ಬಾಯಿ ಕಾಯುವುದು ನನಗೆ ಯಾವ ಮಹಾ ಕೆಲಸ! ಹೀಗೆಂದು ಹಿರಿಯೂರಿನ ನಮ್ಮ ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ. ಕೇಳಿಸಿಕೊಂಡವಳು ಹೆಂಡತಿ ಸುಮಿತ್ರಾ ಒಬ್ಬಳೇ. ಅವಳೂ ಬೆನ್ನು ತಿರುಗಿಸಿಕೊಂಡು ಒಗ್ಗರಣೆ ಹಾಕುತ್ತಿದ್ದಳು.

ವಿಷಯ ನಗುವಂಥದ್ದಲ್ಲ. ಮಗಳು ರಂಜಿತಾ ಪಿಯುಸಿ ಸೇರಿದ ಮೇಲೆ ಮಂಕಾಗಿದ್ದಳು. ಮೊದಲ ಟೆಸ್ಟಿನಲ್ಲಿ ಮಾರ್ಕ್ಸು ಕಡಿಮೆ ಬಂತು, ಆಮೇಲೆ ಮಾತೂ ಕಡಿಮೆಯಾಯಿತು. ಕಾಲೇಜಿನಿಂದ ಬಂದವಳೇ ಕೋಣೆ ಸೇರಿ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಏನಾಯಿತು ಅಂದರೆ ಏನಿಲ್ಲ ಅನ್ನುತ್ತಿದ್ದಳು. ನನಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು.

ಅಷ್ಟರಲ್ಲಿ ಕಾಲೇಜಿನ ಪೋಷಕರ ಸಭೆಗೆ ಚಿತ್ರದುರ್ಗದಿಂದ ಒಬ್ಬ ಡಾಕ್ಟರಮ್ಮ ಬಂದರು. ಹರೆಯದ ಮಕ್ಕಳ ಹೊಟ್ಟೆಗೂ ಮನಸ್ಸಿಗೂ ನಂಟಿದೆ, ಕರಿದದ್ದು, ಪ್ಯಾಕೆಟ್ಟಿನದು ಜಾಸ್ತಿಯಾದರೆ ಮನಸ್ಸೂ ಕುಗ್ಗಬಹುದು ಎಂದರು. ಸಿಕ್ಕಿಬಿದ್ದನಲ್ಲ ಕಳ್ಳ! ಉಳಿದ ಭಾಷಣ ಸುಮಿತ್ರಾ ಕೇಳಿಕೊಳ್ಳಲಿ ಎಂದು ನಾನು ಅರ್ಧಕ್ಕೇ ಎದ್ದು ಟೀ ಕುಡಿಯಲು ಹೋದೆ.

ಮರುದಿನದಿಂದ ಮನೆಯಲ್ಲಿ ತುರ್ತು ಪರಿಸ್ಥಿತಿ! ಚಿಪ್ಸು, ನೂಡಲ್ಸು, ಬಿಸ್ಕತ್ತು ಗಡೀಪಾರಾದವು. ಬೆಳಿಗ್ಗೆ ನವಣೆ ಉಪ್ಪಿಟ್ಟು, ಮಧ್ಯಾಹ್ನದ ಡಬ್ಬಿಗೆ ನವಣೆ ಅನ್ನ, ರಾತ್ರಿ ಮುದ್ದೆಗೆ ಹುರುಳಿ ಸಾರು. ನಾನು ಎದುರು ಕೂತು ಮಗಳ ಒಂದೊಂದು ತುತ್ತನ್ನೂ, ತುತ್ತು ಇಳಿದ ಮೇಲೆ ಅವಳ ಮುಖವನ್ನೂ ಪರೀಕ್ಷಿಸುತ್ತಿದ್ದೆ. ಮುದ್ದೆಯೇನೋ ಇಳಿಯುತ್ತಿತ್ತು, ಸಂತೋಷ ಮಾತ್ರ ಎಲ್ಲೋ ಸಿಕ್ಕಿಕೊಂಡಿತ್ತು. ಇತ್ತ ಸಂಜೆಯ ಬೋಂಡಾ ತಪ್ಪಿ ನಾನೇ ಆಫೀಸಿನಲ್ಲಿ ಸಿಕ್ಕವರ ಮೇಲೆಲ್ಲ ರೇಗತೊಡಗಿದೆ.

ಆಗ ಗೊತ್ತಾಯಿತು, ಮಗಳು ಸಂಜೆ ಗೆಳತಿಯರ ಜೊತೆ ಕಾಲೇಜಿನ ಪಕ್ಕದ ಗೋಬಿ ಗಾಡಿಗೆ ಹೋಗುತ್ತಾಳೆಂದು. ಓಹೋ, ಶತ್ರುವಿನ ಕೋಟೆ ಅಲ್ಲಿದೆ! ಸ್ಕೂಟರ್ ಏರಿ ದಂಡೆತ್ತಿ ಹೋದೆ. ಹುಡುಗಿಯರೆಲ್ಲ ಒಂದೇ ಪ್ಲೇಟಿನ ಸುತ್ತ ನಿಂತಿದ್ದರು. ಪ್ಲೇಟು ಕಿತ್ತು ಕಸದ ಡಬ್ಬಿಗೆ ಹಾಕಿದೆ. ಹುಡುಗಿಯರಿಗೂ ಗಾಡಿಯವನಿಗೂ ಒಟ್ಟಿಗೇ ಭಾಷಣ ಬಿಗಿದೆ. ನಾನು ಕೇಳಿದ್ದ ಅರ್ಧ ಭಾಷಣ ಅಲ್ಲಿ ಎರಡು ಪಟ್ಟಾಗಿ ಹೊರಬಂತು. ಮಗಳು ತಲೆ ತಗ್ಗಿಸಿಕೊಂಡು ಸ್ಕೂಟರ್ ಹತ್ತಿದಳು.

ಅಂದಿನಿಂದ ಅವಳು ಗಾಡಿಯ ಕಡೆ ಹೋಗಲಿಲ್ಲ. ಗೆದ್ದೆ! ಆದರೆ ಊಟದ ಡಬ್ಬಿ ಹೋದ ಹಾಗೇ ತುಂಬಿಕೊಂಡು ವಾಪಸ್ ಬರತೊಡಗಿತು. ಒಂದು ರಾತ್ರಿ ತಟ್ಟೆ ಮುಂದೆ ಕೂತವಳ ಕಣ್ಣೀರು ಸಾರಿಗೆ ಬಿತ್ತು. ನನಗೆ ನೋಡಲಾಗದೆ ಎದ್ದು ಹೊರಗೆ ಹೋದೆ.

ಸುಮಿತ್ರಾ ಹಿಂದೆಯೇ ಬಂದಳು.

"ಡಾಕ್ಟರಮ್ಮ ಆಮೇಲೆ ಇನ್ನೂ ಹೇಳಿದ್ರು. ಊಟಕ್ಕೆ ಕಾವಲು ಕುಂತ್ಕಬ್ಯಾಡ್ರಿ, ಜೊತೇಲಿ ಕುಂತು ಉಣ್ರಿ ಅಂತ. ಗೆಳತೇರ್ನ ತಪ್ಪಿಸಬ್ಯಾಡ್ರಿ ಅಂತ. ಮಂಕು ಹಂಗೇ ಇದ್ರೆ ಕರ್ಕಂಡು ಬರ್ರಿ ಅಂದ್ರು."

"ಅವತ್ತೇ ಹೇಳಾಕೆ ಏನಾಗಿತ್ತು ನಿನಗೆ?"

"ನೀವು ಬಾಯಿ ಮುಚ್ಚಿದ್ದು ಇವತ್ತೇ ಅಲ್ವಾ?"

ಶನಿವಾರ ದುರ್ಗಕ್ಕೆ ಹೋಗಿ ಡಾಕ್ಟರಮ್ಮನಿಗೆ ತೋರಿಸುವುದೆಂದಾಯಿತು. ಅದಕ್ಕೂ ಮೊದಲು, ಮರುದಿನ ಸಂಜೆ, ಮಗಳನ್ನು ನಾನೇ ಗೋಬಿ ಗಾಡಿಗೆ ಕರೆದೊಯ್ದೆ. ನನ್ನನ್ನು ಕಂಡ ಹುಡುಗಿಯರು ಪ್ಲೇಟನ್ನು ಬೆನ್ನ ಹಿಂದೆ ಅಡಗಿಸಿದರು. ತಪ್ಪಾಯಿತು ಕಣ್ರಮ್ಮ, ತಿನ್ನಿ ಎಂದು ಹೇಳಿ ಕಾಂಪೌಂಡಿನ ಮರೆಗೆ ಹೋಗಿ ನಿಂತೆ.

ಸ್ವಲ್ಪ ಹೊತ್ತಿಗೆ ನನ್ನದೇ ದನಿ ಕೇಳಿಸಿತು!

"ಏನ್ರವ್ವಾ, ಗೋಬಿ ತಿಂದ್ರೆ ತಲೆ ಕೆಡ್ತೈತೆ. ನವಣೆ ತಿನ್ರವ್ವಾ, ನವಣೆ."

ಗಂಟಲು ದಪ್ಪ ಮಾಡಿಕೊಂಡು ಭಾಷಣ ಬಿಗಿಯುತ್ತಿದ್ದವಳು ನನ್ನ ಮಗಳು! ಗೆಳತಿಯರು ಬಿದ್ದು ಬಿದ್ದು ನಕ್ಕರು. ಎಷ್ಟೋ ದಿನಗಳ ಮೇಲೆ ಅವಳ ನಗುವೂ ಕೇಳಿಸಿತು. ನಡುಬೀದಿಯಲ್ಲಿ ನನ್ನ ಮಾನ ಹೋಗುತ್ತಿತ್ತು. ಹೋದರೆ ಹೋಗಲಿ ಎಂದು ಕಣ್ಣೊರೆಸಿಕೊಂಡೆ.

ಇನ್ನಷ್ಟು ಕೇಳುವ ಆಸೆಗೆ ಸ್ವಲ್ಪ ಮುಂದೆ ಬಂದೆ. ನನ್ನ ತಲೆ ಕಂಡಿದ್ದೇ ತಡ, ನಗು ಟಕ್ಕೆಂದು ನಿಂತಿತು. ಮಗಳನ್ನು ಸ್ಕೂಟರ್ ಹತ್ತಿಸಿಕೊಂಡು ವಾಪಸ್ ಹೊರಟೆ. ಮನೆ ಹತ್ತಿರವಾದಾಗ ಹಿಂದಿನ ಸೀಟಿನಿಂದ ಮೆಲ್ಲಗೆ ಮಾತು ಬಂತು.

"ನಾಳೆನೂ ಕರ್ಕಂಡು ಹೋಗಪ್ಪ. ಆದ್ರೆ ಇನ್ನೊಂಚೂರು ದೂರ ನಿಂತ್ಕ."