ಗ್ರೌಂಡ್ ಇಲ್ಲದ ಬೆಲ್ಲು

ಬೆಳಗ್ಗೆ ಹಾಲಿನವನು ಬಾಗಿಲ ಬೆಲ್ ಒತ್ತಿದ. ಅದು ಕೂಗಲಿಲ್ಲ. ಮತ್ತೆ ಒತ್ತಿದ. ಮುದಿ ಬೆಕ್ಕು ನಿದ್ದೆಯಲ್ಲಿ ನರಳಿದ ಹಾಗೆ ‘ಟಿ...’ ಎಂದು ಸುಮ್ಮನಾಯಿತು. ಆದದ್ದು ಅಷ್ಟೇ. ಅಷ್ಟರಿಂದ ಸಂಜೆಯೊಳಗೆ ಒಂದು ಕಟ್ಟಡ ಇಡಿಯಾಗಿ ಬುಡಮೇಲಾದ ಕತೆಯನ್ನು ಹೇಳಬೇಕಾದರೆ ನನ್ನಂಥವನೇ ಬೇಕು. ಬೇರೆಯವರು ನಿಜದ ನಡುವೆ ಸುಳ್ಳು ಬೆರೆಸುತ್ತಾರೆ. ನಾನು ಬೆರೆಸುವುದಿಲ್ಲ. ನನ್ನದು ಮೊದಲಿಂದ ಕೊನೆತನಕ ಒಂದೇ ಪಾಕ.

ಆ ಮನೆಯ ಯಜಮಾನನಿಗೆ ಕಟ್ಟಡದವರು ಇಟ್ಟ ಹೆಸರು ‘ಸರ್ಕ್ಯೂಟು’. ಕಂಪ್ಯೂಟರಿನಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟುಗಳನ್ನು ಬರೆದು, ಅಲ್ಲೇ ಓಡಿಸಿ ನೋಡುವುದು ಅವನ ಕೆಲಸ. ತಂತಿ ಬೇಡ, ಬೆಸುಗೆ ಬೇಡ. ಪರದೆಯ ಮೇಲೆ ಒಂದು ಬ್ಯಾಟರಿ ಇಟ್ಟು, ಬಲ್ಬು ಇಟ್ಟು, ನಡುವೆ ಗೆರೆ ಎಳೆದು ‘ರನ್’ ಒತ್ತಿದರೆ ಬಲ್ಬು ಉರಿಯುತ್ತದೆ. ಲೆಕ್ಕ ತಪ್ಪಿದರೆ ಢಂ ಎಂದು ಪರದೆಯ ಮೇಲೇ ಸಿಡಿಯುತ್ತದೆ. ಒಂದು ಗುಂಡಿ ಒತ್ತಿದರೆ ಸತ್ತದ್ದು ಎದ್ದು ಕೂರುತ್ತದೆ. ಹೀಗೆ ಅವನು ಸುಟ್ಟ ಟ್ರಾನ್ಸಿಸ್ಟರುಗಳನ್ನು ಗುಡ್ಡೆ ಹಾಕಿದ್ದರೆ ಚಂದ್ರನಿಗೆ ರಾಕೆಟ್ಟೇ ಬೇಕಿರಲಿಲ್ಲ, ಹತ್ತಿಕೊಂಡು ಹೋಗಬಹುದಿತ್ತು. ನಿಜವಾದ ಬೆಸುಗೆ ಕಡ್ಡಿಯನ್ನು ಮಾತ್ರ ಅವನು ಜೀವಮಾನದಲ್ಲಿ ಹಿಡಿದದ್ದು ಒಂದೇ ಸಲ, ಅದೂ ಬಿಸಿ ತುದಿಯಲ್ಲಿ.

“ರೀ, ಬೆಲ್ ಕೆಟ್ಟಿದೆ. ಇವತ್ತು ಅಪ್ಪ ಬರ್ತಾರೆ, ಜ್ಞಾಪಕ ಇದೆಯಲ್ಲ?” ಎಂದಳು ಹೆಂಡತಿ, ಬ್ಯಾಂಕಿಗೆ ಹೊರಡುತ್ತಾ.

ಜ್ಞಾಪಕ ಇಲ್ಲದೆ ಏನು! ಒಂದು ವಾರದಿಂದ ಅವನಿಗೆ ಅನ್ನ ಇಳಿದಿರಲಿಲ್ಲ. ಮಾವ ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ‘ಅಟೆನ್‌ಷನ್’ ಎಂದರೆ ಗಾಳಿ ನಿಲ್ಲುತ್ತಿತ್ತು, ಬಾವುಟ ಜೋಲುಬೀಳುತ್ತಿತ್ತು. ಯಾರ ಮನೆಗೆ ಹೋದರೂ ಬೆಲ್ಲನ್ನು ಮೂರು ಸಲ ಒತ್ತುತ್ತಾರೆ, ನಾಲ್ಕನೆಯದಕ್ಕೆ ಸೀಟಿ. ಬಾಗಿಲು ತಟ್ಟುವುದು ಅವರ ಪ್ರಕಾರ ಅಶಿಸ್ತು. ಅವರ ಬದುಕಿನಲ್ಲಿ ಇದ್ದದ್ದು ಒಂದೇ ದುಃಖ. ಹೆಡ್‌ಮಾಸ್ಟರು ಶಾಲೆಯ ಗ್ರೌಂಡಿನಲ್ಲಿ ಕೋಣೆಗಳನ್ನು ಕಟ್ಟಿಸಿ, ಡ್ರಿಲ್ಲನ್ನು ವರಾಂಡಕ್ಕೆ ತಳ್ಳಿಬಿಟ್ಟಿದ್ದರು. ಆ ಮಾತು ಎತ್ತಿದರೆ ಇಂದಿಗೂ ಮೀಸೆ ನಡುಗುತ್ತದೆ.

ಅಂಥ ಮಾವ ಮಗಳಿಗೆ ಫೋನಿನಲ್ಲಿ ಹೇಳಿದ್ದರು: “ಅಳಿಯಂದ್ರು ದಿನವಿಡೀ ಕಂಪ್ಯೂಟರಲ್ಲಿ ಆಟ ಆಡ್ತಾರಂತೆ. ಬಂದು ಕಣ್ಣಾರೆ ನೋಡ್ತೀನಿ. ಅದು ಕೆಲಸ ಅನ್ನಿಸಿದ್ರೆ ಸರಿ. ಇಲ್ಲಾಂದ್ರೆ ನಿನ್ನ ಚಿಕ್ಕಪ್ಪನ ಟೈರ್ ಅಂಗಡೀಲಿ ಒಂದು ಕುರ್ಚಿ ಖಾಲಿ ಇದೆ, ನಾಳೆಯಿಂದಲೇ ಕೂತ್ಕೊಳ್ಳಲಿ.”

ಮಾವ ಹೇಳಿದ ಮೇಲೆ ಮುಗಿಯಿತು. ಅವರಿಗೆ ಎದುರಾಡುವ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಸರ್ಕ್ಯೂಟಿಗೆ ಆಗಲೇ ಕನಸಿನಲ್ಲೂ ರಬ್ಬರಿನ ವಾಸನೆ ಬರುತ್ತಿತ್ತು.

“ಮಾವ ಬರೋ ದಿನವೇ ಬೆಲ್ ಕೆಟ್ಟಿದ್ದು ನಮ್ಮ ಪುಣ್ಯ ಕಣೇ,” ಎಂದ. “ನಾನೇ ಹೊಸ ಬೆಲ್ ಡಿಸೈನ್ ಮಾಡ್ತೀನಿ. ಬಂದ ತಕ್ಷಣ ತೋರಿಸ್ತೀನಿ. ಮೂಗಿನ ಮೇಲೆ ಬೆರಳಿಡಬೇಕು.”

“ಮಾಡಿ. ಆದ್ರೆ ಮೊದಲು ಆ ಹಳೇದನ್ನ ಒಂದ್ಸಲ ಬಿಚ್ಚಿ ನೋಡಬಾರದಾ?”

“ಅದಾ? ಓಬೀರಾಯನ ಕಾಲದ್ದು. ಅದರ ಮುಖ ನೋಡೋದೂ ದಂಡ.”

ಹೆಂಡತಿ ಏನೋ ಹೇಳಹೊರಟು, ಬಸ್ಸಿನ ಹಾರ್ನ್ ಕೇಳಿ ಓಡಿದಳು.

ಸರ್ಕ್ಯೂಟು ಕಂಪ್ಯೂಟರಿನ ಮುಂದೆ ಮದುಮಗನಂತೆ ಕುಳಿತ. ಒಂದು ಬೆಲ್ಲಿಗೆ ಬೇಕಾದದ್ದು ಒಂದು ಸ್ವಿಚ್ಚು, ಒಂದು ಬ್ಯಾಟರಿ, ಕೂಗುವ ಒಂದು ಡಬ್ಬಿ. ಅವನು ಹಾಕಿದ ಭಾಗಗಳಲ್ಲಿ ಒಂದು ವಿಮಾನ ಎಬ್ಬಿಸಬಹುದಿತ್ತು. ಎಲ್ಲ ಮುಗಿಸಿ, ಕೆಳಗೊಂದು ತಲೆಕೆಳಗಾದ ತ್ರಿಕೋನದ ಗುರುತು ಇಟ್ಟ. ಅದಕ್ಕೆ ‘ಗ್ರೌಂಡ್’ ಎನ್ನುತ್ತಾರೆ. ಕರೆಂಟು ಊರೆಲ್ಲ ಸುತ್ತಿ ಕೊನೆಗೆ ಬಂದು ಕೂರುವ ಜಗಲಿ ಅದು. ಆ ಗುರುತು ಇಲ್ಲದಿದ್ದರೆ ಸಾಫ್ಟ್‌ವೇರು ಒಂದು ಹೆಜ್ಜೆ ಮುಂದಿಡುವುದಿಲ್ಲ, ಹಟಮಾರಿ.

‘ರನ್’ ಒತ್ತಿದ. ಸ್ಪೀಕರಿನಿಂದ ‘ಟಿಂಗ್ ಟಾಂಗ್’ ಎಂದು ಬಂತು ನೋಡಿ ಸದ್ದು, ದೇವಲೋಕದ ಬಾಗಿಲಲ್ಲೂ ಅಂಥ ಬೆಲ್ ಇರಲಾರದು! ಅವನು ಖುಷಿಯಿಂದ ಮತ್ತೆ ಒತ್ತಿದ. ಮತ್ತೆ ಮತ್ತೆ ಒತ್ತಿದ. ಸ್ವಲ್ಪ ಹೊತ್ತಿಗೆ ಯಾರೋ ದಡದಡ ಮೆಟ್ಟಿಲು ಹತ್ತಿ ಬಂದರು.

ಕೆಳಮನೆಯ ಹೊಲಿಗೆ ಅಕ್ಕ. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಸೂಜಿ.

“ಏನಪ್ಪಾ ತಮ್ಮಾ ಇದು? ಬೆಲ್ ಆಯ್ತು ಅಂತ ಬಾಗಿಲು ತೆಗೀತೀನಿ, ಯಾರೂ ಇಲ್ಲ. ಮತ್ತೆ ಆಗುತ್ತೆ, ಮತ್ತೆ ತೆಗೀತೀನಿ. ಹಿಂಗೆ ಎದ್ದೂ ಕೂತೂ ಒಂದು ಅಂಗಿಗೆ ಮೂರು ತೋಳು ಹೊಲಿದಿದೀನಿ!”

ಕಟ್ಟಡ ಕಟ್ಟಿಸಿದವನು ಎಲ್ಲ ಮನೆಗಳಿಗೂ ಒಂದೇ ಸದ್ದಿನ ಬೆಲ್ ಹಾಕಿಸಿದ್ದ. ಸರ್ಕ್ಯೂಟು ಅದೇ ಸದ್ದನ್ನು ತದ್ರೂಪು ಎಬ್ಬಿಸಿದ್ದ.

“ಅಕ್ಕಾ, ಅದು ನಿಜವಾದ ಬೆಲ್ ಅಲ್ಲ, ಸಿಮ್ಯುಲೇಷನ್. ಅಂದ್ರೆ... ಇದ್ದ ಹಾಗೆ, ಆದ್ರೆ ಇಲ್ಲ.”

“ನಮ್ಮ ಯಜಮಾನ್ರ ಸಂಬಳದ ಥರ ಅನ್ನು,” ಎಂದು ಅಕ್ಕ ಅಲ್ಲೇ ಕುರ್ಚಿ ಎಳೆದು ಕುಳಿತಳು. “ಇನ್ನೊಂದ್ಸಲ ಹೊಡಿ, ಹತ್ತಿರದಿಂದ ಕೇಳ್ತೀನಿ.”

ಆಗಲೇ ಎದುರುಮನೆಯ ವಕೀಲರೂ ಬಂದರು. ಕೋರ್ಟು ಬಿಟ್ಟು ವರ್ಷಗಳಾಗಿದ್ದರೂ ವಾದ ಬಿಟ್ಟಿರಲಿಲ್ಲ.

“ಬೆಲ್ ಮಾಡಿ ಓಡಿಹೋಗೋದು ಶಾಂತಿಭಂಗ. ಓಡಿಹೋಗದೆ ಒಳಗೇ ಕೂತು ಮಾಡೋದು ಅದಕ್ಕಿಂತ ದೊಡ್ಡ ಅಪರಾಧ. ಅದಿರಲಿ ಸ್ವಾಮಿ, ಈ ಬೆಲ್ಲನ್ನ ಒಬ್ಬ ಪಟಿಂಗ ಒಂದೇ ಸಮನೆ ಒತ್ತಿದ್ರೆ ತಡೆಯುತ್ತೋ? ಪುರಾವೆ ಏನು?”

ಪುರಾವೆ ಎಂಬ ಮಾತಿಗೆ ಸರ್ಕ್ಯೂಟು ಕೆರಳಿದ. ಬೆಲ್ಲು ತನ್ನಷ್ಟಕ್ಕೇ ಬಿಟ್ಟುಬಿಟ್ಟು ಹೊಡೆದುಕೊಳ್ಳುವ ಹಾಗೆ ಮಾಡಿ, “ನಡೀರಿ, ನಿಮ್ಮ ಮನೇಲಿ ಕಾಫಿ ಕುಡಿದು ಬರೋಣ. ಬಂದು ನೋಡಿ, ಒಂದು ಭಾಗವೂ ಸುಟ್ಟಿರಲ್ಲ,” ಎಂದ. ಮೂವರೂ ಎದುರುಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಹಿಂದೆ ಟಿಂಗ್ ಟಾಂಗ್ ನಡೆದೇ ಇತ್ತು.

ಅವರು ಕಾಫಿಯಲ್ಲಿದ್ದಾಗ ಹೆಂಡತಿ ಅರ್ಧ ದಿನದ ರಜೆ ಹಾಕಿ ಮನೆಗೆ ಬಂದಳು. ಎರಡು ನಿಮಿಷ ಇದ್ದು, “ರೀ, ಬಸ್‌ಸ್ಟ್ಯಾಂಡಿಗೆ ಹೋಗಿ ಅಪ್ಪನ್ನ ಕರ್ಕೊಂಡು ಬರ್ತೀನಿ. ಬೆಲ್ಲಿನ ಚಿಂತೆ ಬಿಡಿ!” ಎಂದು ವಕೀಲರ ಬಾಗಿಲ ಹೊರಗಿನಿಂದಲೇ ಕೂಗಿ ಹೋದಳು. ಒಳಗೆ ವಕೀಲರು ವಾದಿಸುತ್ತಿದ್ದುದರಿಂದ ಅದು ಯಾರ ಕಿವಿಗೂ ಬೀಳಲಿಲ್ಲ.

ಕಾಫಿ ಮುಗಿಸಿ ಮೂವರೂ ವಾಪಸು ಬಂದರು. ಬೆಲ್ಲು ದಣಿವಿಲ್ಲದೆ ಕೂಗುತ್ತಿತ್ತು. “ನೋಡಿದ್ರಾ?” ಎಂದು ಸರ್ಕ್ಯೂಟು ಎದೆಯುಬ್ಬಿಸಿ, ನಿಲ್ಲಿಸಲು ತನ್ನ ತಂತಿಯಿಲ್ಲದ ಮೌಸ್ ಹಿಡಿದ. ಪರದೆಯ ಬಾಣ ಅಲುಗಲಿಲ್ಲ. ಎಳೆದ, ಒದರಿದ, ತೊಡೆಗೆ ಉಜ್ಜಿದ. ಬಾಣ ಮೊಳೆ ಹೊಡೆದ ಹಾಗೆ ನಿಂತಿತ್ತು.

“ಕಂಪ್ಯೂಟರ್ ಹ್ಯಾಂಗ್ ಆಗಿದೆ!”

“ವೈರ್ ಕಿತ್ತುಬಿಡು, ಪೀಡೆ ಹೋಗುತ್ತೆ,” ಎಂದಳು ಅಕ್ಕ.

“ಅಯ್ಯೋ ಬೇಡಕ್ಕಾ! ಸೇವ್ ಮಾಡಿಲ್ಲ. ಕಿತ್ರೆ ಬೆಳಗ್ಗಿಂದ ಮಾಡಿದ್ದೆಲ್ಲ ಹೋಗುತ್ತೆ. ಮಾವನಿಗೆ ಏನು ತೋರಿಸ್ಲಿ?”

“ಕೀಬೋರ್ಡಿಂದ ನಿಲ್ಲಿಸೋಕೆ ಬರಲ್ವೇ?” ಎಂದರು ವಕೀಲರು.

ನಿಲ್ಲಿಸಬಹುದಿತ್ತು, ಅವನಿಗೆ ಗೊತ್ತಿದ್ದರೆ. ಅವನು ಹುಟ್ಟು ಮೌಸಿನವನು.

ಟಿಂಗ್ ಟಾಂಗ್. ಟಿಂಗ್ ಟಾಂಗ್. ಇದ್ದಕ್ಕಿದ್ದಂತೆ ಎರಡು ಒಟ್ಟೊಟ್ಟಿಗೆ: ಟಿಂಗ್‌ಟಿಂಗ್ ಟಾಂಗ್‌ಟಾಂಗ್.

“ಈಗ ಜೋಡಿ ಹೊಡೀತಿದೆಯಲ್ಲೋ!” ಎಂದಳು ಅಕ್ಕ.

“ಪ್ರತಿಧ್ವನಿ,” ಎಂದ ಸರ್ಕ್ಯೂಟು, ಬೆವರು ಒರೆಸಿಕೊಳ್ಳುತ್ತಾ.

ಇನ್ನೊಮ್ಮೆ ಜೋಡಿ. ಮತ್ತೊಮ್ಮೆ ಜೋಡಿ. ಆಮೇಲೆ ಬಾಗಿಲಾಚೆಯಿಂದ ಒಂದು ಸೀಟಿ ಬಂತು. ಅದರ ಹೊಡೆತಕ್ಕೆ ಗಡಿಯಾರ ನಿಂತಿತು, ಅಕ್ಕನ ಬಾಯಿಂದ ಗುಂಡುಸೂಜಿ ಉದುರಿತು, ವಕೀಲರು ತಮಗರಿವಿಲ್ಲದೆ ಅಟೆನ್‌ಷನ್‌ನಲ್ಲಿ ನಿಂತರು. ಸರ್ಕ್ಯೂಟು ಓಡಿ ಬಾಗಿಲು ತೆರೆದ.

ಮಾವ! ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಸೀಟಿ, ನಡುವೆ ಮೀಸೆ. ಹೇಳಿದ್ದಕ್ಕಿಂತ ಮುಂಚಿನ ಬಸ್ಸಿಗೇ ಬಂದಿಳಿದಿದ್ದರು.

“ಮೂರು ಸಲ ಬೆಲ್ ಮಾಡಿದೆ ಅಳಿಯಂದ್ರೇ. ಒಳಗೆ ಸಭೆ ಸೇರಿಸ್ಕೊಂಡು ಬಾಗಿಲು ತೆಗೀತಿಲ್ಲ!”

“ಮಾವ, ಆ ಬೆಲ್ ಕೆಟ್ಟಿದೆಯಲ್ಲ...”

“ಯಾರು ಹೇಳಿದ್ದು?” ಮಾವ ಸ್ವಿಚ್ಚು ಒತ್ತಿದರು. ಗೋಡೆಯ ಸತ್ತ ಬೆಲ್ಲು ಗಂಟಲು ಬಿಚ್ಚಿ ಟಿಂಗ್ ಟಾಂಗ್ ಎಂದಿತು.

ಸರ್ಕ್ಯೂಟಿನ ಮೈಮೇಲೆ ಕೂದಲು ನಿಮಿರಿತು. ತಾನು ಬೆಳಗ್ಗೆಯಿಂದ ಅದನ್ನು ಮುಟ್ಟಿಯೂ ಇಲ್ಲ! ಅಂದರೆ? ತನ್ನ ಸಿಮ್ಯುಲೇಷನ್ನು ಪರದೆ ದಾಟಿ, ಗೋಡೆ ಹತ್ತಿ, ನಿಜವಾದ ಬೆಲ್ಲಿಗೇ ಜೀವ ತುಂಬಿಬಿಟ್ಟಿದೆ!

“ಮಾವ,” ಎಂದ, ಗೋಡೆಯ ಬೆಲ್ಲಿನತ್ತ ಬೆರಳು ತೋರಿಸಿ. “ಅದನ್ನ ಕುಳಿತಲ್ಲಿಂದಲೇ ರಿಪೇರಿ ಮಾಡಿದೀನಿ. ಕಂಪ್ಯೂಟರಿಂದ.”

“ಸಾಕ್ಷಿಗೆ ನಾನಿದೀನಿ,” ಎಂದರು ವಕೀಲರು. “ಆಸಾಮಿ ಬೆಲ್ಲಿನ ಹತ್ತಿರವೂ ಸುಳಿದಿಲ್ಲ.”

ಮಾವನ ಮೀಸೆ ಮೆಚ್ಚುಗೆಯಿಂದ ಒಂದು ನೂಲು ಮೇಲಕ್ಕೆದ್ದಿತು. ಟೈರಿನ ವಾಸನೆ ಮೋಡದಂತೆ ಚೆದುರಿತು. ಆ ಗಳಿಗೆಗೇ ಹೆಂಡತಿ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

“ಅಯ್ಯೋ ಅಪ್ಪಾ, ಆಗಲೇ ಬಂದ್ಬಿಟ್ರಾ! ಸದ್ಯ, ಬೆಲ್ಲಿಗೆ ಸೆಲ್ ಹಾಕಿ ಹೋಗಿದ್ದೆ. ಹಳೇ ಸೆಲ್ ಸತ್ತುಹೋಗಿತ್ತು ಅಷ್ಟೇ. ಮೂಲೆ ಅಂಗಡಿಗೆ ಇವತ್ತು ರಜೆ, ಅದಕ್ಕೆ ಇವರ ಮೌಸಲ್ಲಿದ್ದ ಸೆಲ್ ತೆಗೆದು ಹಾಕ್ದೆ. ಹೇಳಿದ್ನಲ್ಲಾ ರೀ, ಕೇಳಿಸ್ಲಿಲ್ವಾ?”

ಕಂಪ್ಯೂಟರು ಟಿಂಗ್ ಟಾಂಗ್ ಎಂದಿತು. ವಕೀಲರು ಸಾಕ್ಷಿ ಹಿಂತೆಗೆದುಕೊಂಡವರಂತೆ ಬಾಗಿಲ ಕಡೆ ಎರಡು ಹೆಜ್ಜೆ ಸರಿದರು.

“ನಾಳೆ ಬೆಳಗ್ಗೆ,” ಎಂದರು ಮಾವ, “ಟೈರ್ ಅಂಗಡಿ.”

“ಮಾವ, ಒಂದೇ ಒಂದ್ಸಲ ನೋಡಿ! ಆಮೇಲೆ ಟೈರಿನೊಳಗೆ ಕೂರಿಸಿ ಉರುಳಿಸಿದ್ರೂ ಸರಿ.”

ಅವನು ಬೆಲ್ಲಿನಿಂದ ಸೆಲ್ ಕಿತ್ತು ಮೌಸಿಗೆ ಹಾಕಿದ. ಬಾಣ ಅಲುಗಿತು. ಬೆಲ್ಲು ನಿಲ್ಲಿಸಿ, ಮಾವನನ್ನು ಕುರ್ಚಿಯಲ್ಲಿ ಕೂರಿಸಿ, ಗಡಿಬಿಡಿಯಲ್ಲಿ ಯಾವುದೋ ಗೆರೆ ಅಳಿಸಲು ಹೋಗಿ ಇನ್ನೇನನ್ನೋ ಅಳಿಸಿ ‘ರನ್’ ಒತ್ತಿದ. ಸದ್ದಿಲ್ಲ. ಪರದೆಯ ನಡುವೆ ಕೆಂಪು ಅಕ್ಷರಗಳು ಎದ್ದವು. ಮುಗಿಯಿತು ಎಂದು ಸರ್ಕ್ಯೂಟು ಕಣ್ಣು ಮುಚ್ಚಿದ.

ಮಾವ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: “ಗ್ರೌಂಡ್ ಇಲ್ಲ. ಗ್ರೌಂಡ್ ಇಲ್ಲದೆ ಮುಂದುವರಿಯಲು ಸಾಧ್ಯವಿಲ್ಲ.”

ಮತ್ತೊಮ್ಮೆ ಓದಿದರು. ಮೀಸೆ ನಡುಗಿತು. ಕನ್ನಡಕ ತೆಗೆದು ಒರೆಸಿಕೊಂಡರು.

“ಇದನ್ನೇ... ಇದನ್ನೇ ಅಲ್ವೇನಮ್ಮಾ ನಾನು ಆ ಹೆಡ್‌ಮಾಸ್ಟರಿಗೆ ಬಡ್ಕೊಂಡಿದ್ದು! ಗ್ರೌಂಡ್ ಇಲ್ಲದೆ ಏನೂ ನಡೆಯಲ್ಲ ಸ್ವಾಮಿ ಅಂದೆ. ಆ ಮನುಷ್ಯನಿಗೆ ಅರ್ಥ ಆಗ್ಲಿಲ್ಲ, ಈ ಯಂತ್ರಕ್ಕೆ ಅರ್ಥ ಆಗಿದೆ! ಅಳಿಯಂದ್ರೇ, ಈಗ ಏನು ಮಾಡ್ಬೇಕು?”

“ಗ್ರೌಂಡ್ ಹಾಕ್ಬೇಕು ಮಾವ. ಅಲ್ಲಿ, ಆ ತ್ರಿಕೋನ.”

ಮಾವ ತಮ್ಮ ಕೈಯಾರೆ ಗ್ರೌಂಡ್ ಎಳೆದು ತಂದು ಇಟ್ಟರು. ‘ರನ್’ ಒತ್ತಿದರು. ಟಿಂಗ್ ಟಾಂಗ್! ಅವರ ಮುಖದಲ್ಲಿ ಅರಳಿದ ಬೆಳಕಿಗೆ ಆ ಸಂಜೆ ಬೀದಿಯ ದೀಪ ಹಚ್ಚುವುದೇ ಬೇಡವಾಯಿತು.

“ಭೇಷ್! ಕೆಲಸ ಅಂದ್ರೆ ಇದು!” ಎಂದರು. ಇನ್ನೊಂದು ಗ್ರೌಂಡ್ ಇಟ್ಟರು. ಮತ್ತೊಂದು ಇಟ್ಟರು. ಆ ಹೆಡ್‌ಮಾಸ್ಟರು ಕಿತ್ತುಕೊಂಡ ಗ್ರೌಂಡನ್ನೆಲ್ಲ ಬಡ್ಡಿ ಸಮೇತ ವಸೂಲು ಮಾಡುವಂತೆ ಪರದೆಯ ತುಂಬ ಸಾಲಾಗಿ, ಕೈಯಳತೆ ದೂರದಲ್ಲಿ, ಡ್ರಿಲ್ಲಿಗೆ ನಿಲ್ಲಿಸಿದರು.

ಸರ್ಕ್ಯೂಟು ಗಾಳಿಯಲ್ಲಿ ತೇಲುತ್ತಿದ್ದ. ಹೊಲಿಗೆ ಅಕ್ಕ ಅವನ ಬೆನ್ನು ತಟ್ಟಿ, ವಕೀಲರು ಕೈ ಕುಲುಕಿ ಹೋದರು. ಹೆಂಡತಿ ಅಕ್ಕನ ಜೊತೆಗೇ ಇಳಿದು, ಅಪ್ಪ ಕೆಳಗೆ ಬಿಟ್ಟು ಬಂದಿದ್ದ ಚೀಲ ತರಲು ಹೋದಳು. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

“ಹಾಗಾದ್ರೆ ಮಾವ,” ಎಂದ ಸರ್ಕ್ಯೂಟು ಮೆಲ್ಲಗೆ, “ಆ ಟೈರ್ ಅಂಗಡಿ ವಿಷಯ...”

“ಯಾವುದು? ಓ, ಅದಾ?” ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಹೋಗಿ ಬನ್ನಿ.”

“ಮಾವ! ಇದು ಕೆಲಸ ಅಂತ ಈಗ ತಾನೇ ಒಪ್ಕೊಂಡ್ರಿ!”

“ಒಪ್ಕೊಂಡೆ. ಅದಕ್ಕೇ ಅಲ್ವೇ ಶುರು ಮಾಡಿರೋದು? ಕುರ್ಚಿ ಇರೋದು ಒಂದು, ಇಲಿ ಒಂದು, ಅದರ ಸೆಲ್ಲೂ ಒಂದು. ಟ್ರಂಕಲ್ಲಿ ಎರಡು ತಿಂಗಳಿಗೆ ಬಟ್ಟೆ ತಂದಿದೀನಿ. ಅಲ್ಲಿವರೆಗೆ ನೀವಿಲ್ಲಿ ನಿಂತ್ಕೊಂಡು ಏನು ಮಾಡ್ತೀರಿ? ಅಲ್ಲಿ ಕುರ್ಚಿ ಖಾಲಿ ಇದೆ, ಕೂತ್ಕೊಳ್ಳಿ.” ಟಿಂಗ್ ಟಾಂಗ್. “ಆಹಾ!”

ಹೊರಗೆ, ಎರಡೂ ಕೈಯಲ್ಲಿ ಚೀಲ ಹಿಡಿದ ಹೆಂಡತಿ ಮೊಣಕೈಯಿಂದ ಬೆಲ್ ಒತ್ತುತ್ತಿದ್ದಳು. ಸೆಲ್ಲಿಲ್ಲದ ಬೆಲ್ಲು ಸುಮ್ಮನಿತ್ತು. ಗಂಡ ಸೆಲ್ ಕಿತ್ತದ್ದು ಅವಳಿಗೆ ಮರೆತೇಹೋಗಿತ್ತು. ಒಳಗಿನಿಂದ ಟಿಂಗ್ ಟಾಂಗ್ ಕೇಳುತ್ತಿದ್ದುದರಿಂದ, ಬೆಲ್ ಚೆನ್ನಾಗಿಯೇ ಆಗುತ್ತಿದೆ, ಗಂಡನಿಗೇ ಎದ್ದು ಬರಲು ಸೋಮಾರಿತನ ಎಂದುಕೊಂಡಳು. ಮತ್ತೆ ಒತ್ತಿದಳು, ಈ ಸಲ ಸಿಟ್ಟಿನಿಂದ.