ಭೀಮನ ಬಂಡೆಗೆ ಒಂದು ಕಡ್ಡಿ

ಬಂಡೆ ಪಕ್ಕ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನಾಗಿ ಬರುತ್ತದೆ, ಸೊಂಟ ಹಿಡಿದುಕೊಂಡು.

ಕೆ.ಆರ್. ಪುರದ ಸ್ಟೇಷನ್ನಿನಿಂದಾಚೆ, ನಮ್ಮ ಬೀದಿ ಕೊನೆಗೆ ಆ ಬಂಡೆ ಇದೆ. ಕೆಳಗೆ ಹಾಸುಬಂಡೆ, ಮೇಲೆ ಆನೆ ಗಾತ್ರದ ಗುಂಡುಕಲ್ಲು, ಒಂದು ಕಡೆ ವಾಲಿಕೊಂಡು. ಭೀಮ ಅದನ್ನು ಹೊತ್ತುಕೊಂಡು ಹೋಗುವಾಗ ಸೊಂಟ ಹಿಡಿದು ಇಲ್ಲಿ ಇಳಿಸಿದನಂತೆ. ವಾಲಿದ ಕಡೆ ಯಾರು ಒಂದು ಕಡ್ಡಿ ಆನಿಸುತ್ತಾರೋ ಅವರ ಬೆನ್ನುನೋವು ಭೀಮನಿಗೆ. ಕಡ್ಡಿ ತೆಗೆದರೆ ನೋವು ವಾಪಸ್. ಹಿರಿಯರ ಮಾತು.

ನನ್ನ ಸೈಕಲ್ ರಿಪೇರಿ ಅಂಗಡಿ ಅದರ ನೆರಳಲ್ಲಿದೆ. ಇಷ್ಟು ವರ್ಷ ತಂಪು ಕೊಟ್ಟಿದೆ, ಬಾಡಿಗೆ ಕೇಳಿಲ್ಲ. ಅಂಥ ಮಾಲೀಕ ಬೆಂಗಳೂರಿನಲ್ಲಿ ಇನ್ನೊಬ್ಬ ಇಲ್ಲ.

ಕುರ್ಚಿಯ ಕೈ

ಮಾರತ್ತಹಳ್ಳಿಯಲ್ಲಿ ಕಂಪ್ಯೂಟರ್ ಕೆಲಸದವನೊಬ್ಬ ಪಂಕ್ಚರ್ ಹಾಕಿಸಲು ಬಂದ. ಹುಬ್ಬಳ್ಳಿ ಕಡೆಯವನು. ಕಡ್ಡಿಗಳನ್ನು ನೋಡಿದ.

“ಅಜ್ಜಾರ, ಇಷ್ಟು ದೊಡ್ಡ ಕಲ್ಲು ಈ ಕಡ್ಡಿ ಮ್ಯಾಲೆ ನಿಂತೈತೇನ್ರೀ?”

“ಇಲ್ಲ.”

“ಮತ್ತ ಯಾಕ ಇಟ್ಟಾರ?”

“ಬೆನ್ನಿಗೆ.”

ಹೊಟ್ಟೆ ಹಿಡಿದು ನಕ್ಕ. ಮುಂದಿನ ವಾರ ಮುರಿದ ಆಫೀಸ್ ಕುರ್ಚಿಯ ಕೈ ತಂದು ಆನಿಸಿದ. “ಕುಂತು ಕುಂತು ಬೆನ್ನು ಹೋಗೇತ್ರೀ. ನನ್ನ ಕೇಸಿಗೆ ಕಡ್ಡಿ ಸಾಲೂದಿಲ್ಲ.”

ಹೂವಮ್ಮನ ಗಂಡ

ಎದುರಿಗೆ ಹೂವು ಮಾರುವ ತಮಿಳಿನಾಕೆ ಇದ್ದಾಳೆ. ಹೂವಮ್ಮ ಅಂತಲೇ ಕರೆಯುತ್ತೇವೆ. ಅವಳ ಗಂಡನಿಗೆ ಬೆನ್ನು ಹಿಡಿದಿತ್ತು. ಅವನ ಹೆಸರಲ್ಲಿ ಬೇವಿನ ಕಡ್ಡಿ ಇಟ್ಟಳು. ಅವನು ಎದ್ದು ಓಡಾಡಿದ. ಮರುದಿನದಿಂದ ನೀರಿನ ಕ್ಯಾನು, ಹೂವಿನ ಬುಟ್ಟಿ, ಎಲ್ಲ ಅವನ ತಲೆಗೆ.

ಒಂದು ಮಧ್ಯಾಹ್ನ ಅವನೇ ಬಂದು ಕಡ್ಡಿ ಕಿತ್ತ. “ಅಣ್ಣಾ, ಹೇಳ್ಬಿಡ್ಬೇಡ” ಎಂದ. ನೆಟ್ಟಗೆ ನಡೆದು ಬಂದವನು ಸೊಂಟ ಹಿಡಿದುಕೊಂಡು ಹೋದ.

ಸಂಜೆ ಹೂವಮ್ಮ ಬಂದಳು. “ಕಡ್ಡಿ ಎಲ್ಲಣ್ಣಾ?”

“ಗಾಳಿ.”

“ಅಯ್ಯೋ ಕಡವುಳೇ! ಸರಿ ಬಿಡು, ಎರಡು ಇಡ್ತೀನಿ. ಹಿಟ್ಟು ಕುಟ್ಟೋ ಕೆಲಸಾನೂ ಬಾಕಿ ಇದೆ.”

ಪೆನ್ಸಿಲ್

ಹೋದ ವರ್ಷ, ನಮ್ಮ ಬೀದಿ ಹಿಂದಿನ ಹೊಸ ಫ್ಲ್ಯಾಟಿನವರು ದೂರು ಕೊಟ್ಟರು, ಬಂಡೆ ಉರುಳುತ್ತದೆ ಎಂದು. ಇಂಜಿನಿಯರ್ ಬಂದ. ಸುತ್ತಿಗೆಯಲ್ಲಿ ತಟ್ಟಿದ, ಅಳೆದ, ಮೇಲೆ ಹತ್ತಿ ನೋಡಿದ.

“ಬಂಡೆ ಅಲ್ಲಾಡಲ್ಲ. ಆದ್ರೂ ಕಂಪ್ಲೇಂಟ್ ಬಂದಿದೆ. ಒಡೆಸಿಬಿಟ್ರೆ ನಂಗೆ ತಲೆನೋವಿಲ್ಲ. ಅಂಗಡಿ ಖಾಲಿ ಮಾಡಿ ಅಜ್ಜ.”

ನನಗೆ ಗೊತ್ತಿರುವುದು ಈ ಜಾಗ ಒಂದೇ. ಸ್ಪ್ಯಾನರುಗಳನ್ನು ಡಬ್ಬಕ್ಕೆ ತುಂಬತೊಡಗಿದೆ.

ಕೊನೆಯ ಅಳತೆಗೆಂದು ಅವನು ಬಗ್ಗಿದ. ಏಳಲಿಲ್ಲ. “ಅಯ್ಯಯ್ಯೋ, ಹಿಡ್ಕೊಂತು!”

“ಕಡ್ಡಿ ಇಡಿ ಸಾರ್!” ಹೂವಮ್ಮ ಕೂಗಿದಳು.

“ನಾನು ಇಂಜಿನಿಯರ್ ಕಣಮ್ಮಾ!”

“ಇಂಜಿನಿಯರ್‌ಗೆ ಬೆನ್ನಿರಲ್ವಾ?”

ಅವನು ಬಗ್ಗಿದಲ್ಲೇ ಆಚೆ ಈಚೆ ನೋಡಿದ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಮೆಲ್ಲಗೆ ಆನಿಸಿದ. ಹೂವಮ್ಮನ ಗಂಡನೂ ನಾನೂ ಅವನನ್ನು ಎತ್ತಿ ಸ್ಟೂಲಿನ ಮೇಲೆ ಕೂರಿಸಿದೆವು. ನನ್ನ ಹತ್ತಿರ ಇದ್ದದ್ದು ಸೈಕಲ್ಲಿನ ಗ್ರೀಸು. ಅದನ್ನೇ ತಿಕ್ಕಿದೆ. ಸ್ವಲ್ಪ ಹೊತ್ತಿಗೆ ನೆಟ್ಟಗೆ ನಿಂತ. ಗ್ರೀಸೋ, ಭೀಮನೋ, ನಾನು ಕೇಳಲಿಲ್ಲ.

ಜೀಪಿನ ತನಕ ಹೋದವನು ತಿರುಗಿ ಬಂದ. “ಬಂಡೆ ಹೋದ್ರೆ ಪೆನ್ಸಿಲ್ಲೂ ಹೋಗುತ್ತಲ್ವಾ?”

“ಹೂಂ.”

ಯೋಚಿಸಿದ. “ತಲೆನೋವು ಪರವಾಗಿಲ್ಲ, ಈ ಬೆನ್ನುನೋವು ಬೇಡ. ಸುತ್ತ ಬೇಲಿ ಹಾಕಿಸ್ತೀನಿ. ನೀವು ಇಲ್ಲೇ ಇದ್ದು ಪೆನ್ಸಿಲ್ ನೋಡ್ಕೊಳ್ಳಿ.”

ಬೇಲಿ ಬಂತು. ಅಂಗಡಿ ಉಳಿಯಿತು. ದಿನಾ ಬಾಗಿಲು ತೆಗೆಯುವ ಮುಂಚೆ ಆ ಕಡೆ ಕೈ ಮುಗಿಯುತ್ತೇನೆ.

ಮೊನ್ನೆ ಹೂವಮ್ಮನ ಗಂಡ ಮತ್ತೆ ಬಂದ. ಬೇಲಿಯೊಳಗೆ ಕೈ ತೂರಿಸಿ ತಡಕಾಡುತ್ತಿದ್ದ. ಎದ್ದು ಹೋಗಿ ಕೈ ಹಿಡಿದೆ.

“ನಿನ್ನ ಎರಡು ಕಡ್ಡಿ ಬೇಕಾದರೆ ಕೀಳು. ಪೆನ್ಸಿಲ್ ಮುಟ್ಟಬೇಡ. ಬಂಡೆ ನಿಂತಿರೋದೇ ಅದರ ಮೇಲೆ.”