ಫೋನಿನಲ್ಲಿ ಬಂದ ಮೈಲಿಗೆ

"ಸ್ನಾನ ಮಾಡಲೇಬೇಕು ವಿದ್ಯಾವತಿಯವರೇ. ಅಸ್ಥಿ ಕಂಡ ಮೇಲೆ ಮಡಿ ಉಳಿಯತ್ತಾ?"

"ಅಲ್ರೀ ಬೀಗರ, ಸತ್ತಾಂವ ಇರೂದು ಇಟಲಿಯೊಳಗ, ನೀವು ಇರೂದು ಅಮೆರಿಕಾದ ಕ್ಯಾರಿಯೊಳಗ. ನಡುವ ಸಮುದ್ರಾನ ಐತಿ!"

ವಿದ್ಯಾವತಿ ರೋಮನ್ನರ ಮ್ಯೂಸಿಯಂ ಮೊದಲ ಸಲ ಕಂಡದ್ದು ಅವತ್ತೇ, ಅದೂ ಅಂಗೈಯಗಲದ ಫೋನಿನಲ್ಲಿ. ಇಟಲಿ ನೋಡಲು ಹೋದ ಮಗಳು ಮಧುರಾ, ಅಳಿಯ ಬದರಿನಾಥ ಪಾಳುಬಿದ್ದ ಹಳೇ ಪಟ್ಟಣದ ಪಕ್ಕದ ಮ್ಯೂಸಿಯಂನಿಂದ ವಿಡಿಯೋ ಕಾಲ್ ಮಾಡಿದ್ದರು. ಮಡಕೆ, ಬಳೆ, ದೀಪ ಎಲ್ಲ ತೋರಿಸುತ್ತ ಬಂದ ಬದರಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತ. "ಅಯ್ಯ, ತೆಲಿಬುರುಡಿ!" ಎಂದು ವಿದ್ಯಾವತಿ ಕೂಗಿದ್ದೇ ತಡ, ಮಡಿಯುಟ್ಟು ಸತ್ಯನಾರಾಯಣ ಪೂಜೆಗೆ ಸಜ್ಜಿಗೆ ತಿರುವುತ್ತಿದ್ದ ಬೀಗತಿ ಉಷಾ ಒಲೆ ಆರಿಸಿ ಸೌಟು ಕೆಳಗಿಟ್ಟಿದ್ದರು. ಈ ದೇಶದಲ್ಲಿ ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಾದರೂ ಎಲ್ಲಿದೆ!

"ಈ ಸಜ್ಜಿಗೆ ಇನ್ನು ದೇವರಿಗೆ ಬರಲ್ಲ. ಸ್ನಾನ ಮಾಡಿ ಹೊಸದಾಗಿ ಮಾಡ್ತೀನಿ."

"ಮಾಡ್ರಿ. ರವಾ?"

ಉಷಾ ಡಬ್ಬಿ ತೆರೆದರು. ತಳ ಕಂಡಿತು. ಇಬ್ಬರಿಗೂ ಕಾರು ಓಡಿಸಲು ಬಾರದು. ಹನ್ನೆರಡಕ್ಕೆ ಶೇಷಾದ್ರಿ ಭಟ್ಟರು, ಹಿಂದೆಯೇ ಬೀದಿಯ ಕನ್ನಡದವರೆಲ್ಲ ಬರುವವರು. ಪ್ರಸಾದವಿಲ್ಲದೆ ಪೂಜೆಯೆಂತು? ಉಷಾರ ಮುಖ ಬಾಡಿತು. ಆ ಸಿಟ್ಟು ಫೋನಿನ ಮೇಲೆ ತಿರುಗಿತು.

"ಬದರೀ, ನೀನಾದ್ರೂ ಹೊರಗೆ ಬಂದ ತಕ್ಷಣ ಸ್ನಾನ ಮಾಡೋ!"

"ಪಕ್ಕದಲ್ಲೇ ದೊಡ್ಡ ಸ್ನಾನದ ಮನೆ ಇದೆ ಅಮ್ಮ."

"ಸದ್ಯ! ಮೊದಲು ಹೋಗು."

"ರೋಮನ್ನರದ್ದಮ್ಮ. ನೀರು ಬರೋದು ನಿಂತು ಸಾವಿರಾರು ವರ್ಷ ಆಯ್ತು."

"ನಮ್ಮೂರಾಗ ವಾರಕ್ಕೊಮ್ಮೆರ ನಳ ಬರ್ತಿತ್ತು," ಎಂದರು ವಿದ್ಯಾವತಿ. "ಅಲ್ಲಪಾ, ಅಂವ ಸತ್ತು ಎಷ್ಟ್ ದಿನಾ ಆತು?"

"ಎರಡು ಸಾವಿರ ವರ್ಷ ಅತ್ತೆ."

"ಕೇಳಿದ್ರೇನ್ರಿ? ಹತ್ತ ದಿನದ ಸೂತಕ ಎಂದೋ ಮುಗದೈತಿ."

"ಸಂಸ್ಕಾರವೇ ಆಗದೆ ಹೇಗೆ ಮುಗಿಯತ್ತೆ? ಪಾಪ, ಪೆಟ್ಟಿಗೇಲಿ ಮಲಗಿದಾನೆ."

"ಹಂಗಾರ ನಿಮ್ಮ ಗೋತ್ರದಾಂವ ಏನು, ಕೇಳ್ರಿ ಮಗನ್ನ."

"ಅಮ್ಮ, ಬೋರ್ಡಲ್ಲಿ ಗೋತ್ರ ಹಾಕಿಲ್ಲ. ಗಾರ್ಡ್ ಗುರಾಯಿಸ್ತಿದಾನೆ, ಇಡ್ತೀನಿ."

ಫೋನು ಕತ್ತಲಾಯಿತು. ಉಷಾ ಸಜ್ಜಿಗೆಯನ್ನೇ ನೋಡುತ್ತ ನಿಂತರು. ಏಲಕ್ಕಿ, ತುಪ್ಪ ಘಮಘಮಿಸುತ್ತಿತ್ತು. ಬೀಗತಿಗೆ ಬೇಕಾದದ್ದು ವಾದವಲ್ಲ, ಒಂದು ದಾರಿ, ಎಂದು ವಿದ್ಯಾವತಿಗೆ ಹೊಳೆಯಿತು.

"ಬೀಗರ, ಖರೇ ಹೇಳ್ರಿ. ಬುರುಡಿ ನೀವು ನೋಡಿದ್ರೇನು?"

"ನೀವು ಕೂಗಿದ್ರಲ್ಲ."

"ಅದು ಕೇಳಿದ್ದಾತು. ನೋಡಿದ್ದು?"

"ಒಲೆ ಹಬೆ ಅಂತ ಕನ್ನಡಕ ತೆಗೆದಿಟ್ಟಿದ್ದೆ. ಏನೋ ದುಂಡಗೆ, ತೆಂಗಿನಕಾಯಿ ಥರ..."

"ಮತ್ತ? ನೀವು ತೆಂಗಿನಕಾಯಿ ನೋಡೀರಿ. ಬುರುಡಿ ನೋಡಿದಾಕಿ ನಾನು. ನಾವು ಲಿಂಗಾಯತರು, ನಮ್ಮಾಗ ಸೂತಕಾನ ಇಲ್ಲ. ಮೈಲಿಗಿ ಎಲ್ಲಿಂದ ಬರ್ತೈತ್ರಿ?"

ಉಷಾ ಇದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಲ್ಲೂ ತೂತು ಕಾಣಲಿಲ್ಲ.

"ಅಂದ್ರೆ ಮೈಲಿಗೆ ನಿಮ್ಮ ಹತ್ರ ಬಂದು ನಿಂತುಬಿಡ್ತು ಅನ್ನಿ."

"ಬಂತು. ಅದಕ್ಕ ಇಲ್ಲಿ ಕೆಲಸ ಸಿಗಲಿಲ್ಲ, ಹೊಳ್ಳಿ ಹೋತು."

ಉಷಾ ಮತ್ತೆ ಒಲೆ ಹಚ್ಚಿ, ಇನ್ನೊಂದು ಚಮಚ ತುಪ್ಪ ಬಿಟ್ಟು, ಪಾತ್ರೆಗೆ ತಟ್ಟೆ ಮುಚ್ಚಿದರು. ಆಮೇಲೆ ದೇವರ ಮಂಟಪದ ಕಡೆಗೊಮ್ಮೆ ಕಣ್ಣು ಹಾಯಿಸಿ, ಮೈ ತಗಲದಷ್ಟು ದೂರದಲ್ಲೇ ಬಗ್ಗಿ, ದನಿ ತಗ್ಗಿಸಿ ಕೇಳಿದರು:

"ವಿದ್ಯಾವತಿಯವರೇ, ನಾನಂತೂ ನೋಡಲಿಲ್ಲ. ಹಲ್ಲೆಲ್ಲ ಇದ್ವಾ ಅವನಿಗೆ?"